ಕೇಳುವ ಚರಿತ್ರೆ: ಬೇಗೂರಿನಿಂದ ಅತ್ತಿಬೆಲೆಯ ಗಡಿಯವರೆಗೆ

ಜೈನ ಗೃಹಸ್ಥನಿಗೆ ಆಗಮ ಪರಂಪರೆ ಕೊಟ್ಟಿರುವ ಹೆಸರು 'ಶ್ರಾವಕ'. ಕೇಳುವವನು ಎಂಬುದು ಆ ಪದದ ಮೂಲಾರ್ಥ. ಸಮವಸರಣದಲ್ಲಿ ತೀರ್ಥಂಕರನ ದಿವ್ಯಧ್ವನಿ ಹೊಮ್ಮಿದಾಗ ನೆರೆದ ಪ್ರತಿಯೊಂದು ಜೀವವೂ ಅದನ್ನು ತನ್ನ ತನ್ನ ಭಾಷೆಯಲ್ಲಿ ಗ್ರಹಿಸಿತೆಂದು ಪುರಾಣಗಳು ವರ್ಣಿಸುತ್ತವೆ. ಆದರೆ ಆ ಧ್ವನಿಗೂ ಒಬ್ಬ ಗಣಧರ ಬೇಕಾಗಿತ್ತು. ಕೇವಲಜ್ಞಾನ ಪ್ರಾಪ್ತವಾದ ಮೇಲೂ ಮಹಾವೀರಸ್ವಾಮಿಯು 66 ದಿನ ಮೌನದಲ್ಲಿದ್ದು, ಇಂದ್ರಭೂತಿ ಗೌತಮನು ಬಂದ ಬಳಿಕವೇ ವಿಪುಲಾಚಲದಲ್ಲಿ ಉಪದೇಶವಾಯಿತೆಂಬುದು ದಿಗಂಬರ ಪರಂಪರೆಯ ನಂಬಿಕೆ. ಧ್ವನಿ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನು ಅರಿತು ಅರ್ಥವನ್ನು ಕ್ರಮಪಡಿಸುವ ಮಧ್ಯಸ್ಥನಿಲ್ಲದೆ ಅದು ಲೋಕಕ್ಕೆ ದಕ್ಕದು. ಇಂದು ಪ್ರಚಾರಕ್ಕೆ ಬಂದಿರುವ ಧ್ವನಿ ಮಾರ್ಗದರ್ಶಿಗಳನ್ನು ಕುರಿತು ಯೋಚಿಸುವಾಗ ಈ ಹಳೆಯ ತಿಳಿವಳಿಕೆ ಉಪಯುಕ್ತವಾಗುತ್ತದೆ.

ಧ್ವನಿ ಮಾರ್ಗದರ್ಶಿಯ ಚರಿತ್ರೆ ತೀರ ಹಳೆಯದಲ್ಲ. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡಲಿಕ್ ವಸ್ತುಸಂಗ್ರಹಾಲಯದಲ್ಲಿ ರೇಡಿಯೊ ಅಲೆಗಳ ಮೂಲಕ ಸಂದರ್ಶಕರ ಕಿವಿಗೆ ವಿವರಣೆ ತಲುಪಿಸಿದ್ದು ಇದರ ಆರಂಭಗಳಲ್ಲೊಂದು. ಮೈಸೂರು ಅರಮನೆಯನ್ನು ನೋಡಲು ಹೋದವರಿಗೆ ಇಂಥ ಸಾಧನ ಪರಿಚಿತವೇ. ಮೊಬೈಲ್ ಫೋನು ಬಂದಮೇಲೆ ಧ್ವನಿಯು ಕಟ್ಟಡದ ಗೋಡೆಗಳನ್ನು ದಾಟಿ ಬೀದಿಗೆ ಬಂದಿತು. ಜೊತೆಗಾರನಿಲ್ಲದೆ, ತನಗೆ ಬೇಕಾದ ಹೊತ್ತಿನಲ್ಲಿ, ಬೇಕಾದೆಡೆ ನಿಂತು ಒಂದು ಹಳೆಯ ಪೇಟೆಯನ್ನು ಕೇಳುತ್ತಾ ನಡೆಯುವುದು ಸಾಧ್ಯವಾಯಿತು. ಬೆಂಗಳೂರಿನ ಪೇಟೆಯಂಥ ಪ್ರದೇಶಕ್ಕೆ ಈ ಕ್ರಮ ಸಹಜವಾಗಿ ಒಗ್ಗುತ್ತದೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ ಎಂಬ ಹೆಸರುಗಳೇ ಅಲ್ಲಿನ ಸರಕನ್ನೂ ಜನವನ್ನೂ ಹೇಳುತ್ತವೆ.

ಕಠಿಣವಾದ ಪ್ರಶ್ನೆ ಬೇರೆಯಿದೆ. ಹಳೆಯ ಪೇಟೆಯ ರೂಪವೇ ಕಾಣದ ಕಡೆ ಈ ಕ್ರಮ ಏನು ಮಾಡಬಲ್ಲುದು? ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರಗಳನ್ನು ದಾಟಿ ಅತ್ತಿಬೆಲೆಯನ್ನು ಮುಟ್ಟುವ ಹೊಸೂರು ರಸ್ತೆ ಅಂಥ ಪ್ರದೇಶ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸತೊಡಗಿತು. 2010ರಲ್ಲಿ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆಯಿತು. ಮೇಲ್ಸೇತುವೆಯಲ್ಲಿ ಸಾಗುವವನಿಗೆ ಕೆಳಗಿನ ಊರುಗಳು ಕೇವಲ ನಿರ್ಗಮನದ ಫಲಕಗಳು. ಆದರೂ ಹೆಸರುಗಳನ್ನು ಕಿವಿಗೊಟ್ಟು ಕೇಳಿದರೆ ಬೇರೊಂದು ನೆಲ ಎದ್ದು ಬರುತ್ತದೆ. ಸಿಂಗಸಂದ್ರ, ಬೊಮ್ಮಸಂದ್ರಗಳ 'ಸಂದ್ರ'ವು 'ಸಮುದ್ರ'ದ ತದ್ಭವ. ಸಮುದ್ರವೆಂದರೆ ಇಲ್ಲಿ ಕೆರೆ. ಕೋನಪ್ಪನ ಅಗ್ರಹಾರದ ಹೆಸರಿನಲ್ಲಿ ಬ್ರಾಹ್ಮಣರಿಗೆ ಬಿಟ್ಟ ದತ್ತಿಯ ನೆನಪಿದೆ. ನದಿಯಿಲ್ಲದ ನಾಡು ಕೆರೆ ಕಟ್ಟಿ ಬದುಕಿದ ಚರಿತ್ರೆಯು ಕಾರ್ಖಾನೆಗಳ ವಿಳಾಸದಲ್ಲಿ ಇನ್ನೂ ಉಳಿದಿದೆ.

ಈ ದಾರಿಯ ಪಶ್ಚಿಮಕ್ಕೆ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದಲ್ಲೇ ಇರುವುದು ಬೇಗೂರು, ಗಂಗರ ಕಾಲದ ಬೆಂಪೂರು. ಹನ್ನೆರಡು ಹಳ್ಳಿಗಳ ಈ ಘಟಕದಲ್ಲಿ ಒಂಬತ್ತನೆಯ ಶತಮಾನದ ಕೊನೆ ಹಾಗೂ ಹತ್ತನೆಯ ಶತಮಾನದ ಆರಂಭದ ವೇಳೆಗೆ ನಾಗತ್ತರನ ಮನೆತನ ಅಧಿಕಾರದಲ್ಲಿತ್ತು. ನಾಗೇಶ್ವರ ದೇವಾಲಯದ ಆವರಣದಲ್ಲಿ ಆರ್. ನರಸಿಂಹಾಚಾರ್ಯರು ಗುರುತಿಸಿದ, ಕ್ರಿ.ಶ. ಸುಮಾರು 890ರ ಶಾಸನವೊಂದು 'ಬೆಂಗಳೂರ ಕಾಳಗ'ವನ್ನು ಹೆಸರಿಸುತ್ತದೆ. ಬೆಂಗಳೂರು ಎಂಬ ಹೆಸರಿಗೆ ದೊರೆತ ಅತಿ ಹಳೆಯ ಲಿಖಿತ ಸಾಕ್ಷಿ ಅದು. ಬೆಂದ ಕಾಳಿನ ಕಥೆಯನ್ನು ಚರಿತ್ರೆಯಾಗಿ ಒಪ್ಪಲು ಬಾರದಂತೆ ಮಾಡಿದ್ದು ಈ ಕಲ್ಲು.

ಇನ್ನೊಂದು ಕಲ್ಲು ಈಗ ಬೇಗೂರಿನಲ್ಲಿಲ್ಲ. ಅಯ್ಯಪದೇವನ ನೆರವಿಗಾಗಿ ಗಂಗ ಎರೆಯಪ್ಪನ ಆಣತಿಯಂತೆ ಹೋಗಿ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದ ನಾಗತ್ತರನ ವೀರಗಲ್ಲು ಅದು. ಆನೆ, ಕುದುರೆ, ಬಿಲ್ಲಾಳುಗಳಿಂದ ತುಂಬಿದ ಕಾಳಗದ ದೃಶ್ಯವು ಅದರ ಮೇಲಿದೆ. ಬೆಂಪೂರು ಹನ್ನೆರಡನ್ನು ಇರುಗನಿಗೆ ಕೊಟ್ಟ ವಿವರವೂ ಇದೆ. ಆ ಕಲ್ಲನ್ನು ನೋಡಬೇಕಾದವರು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕಲ್ಲು ಒಂದೆಡೆ, ಅದು ಹೇಳುವ ನೆಲ ಇನ್ನೊಂದೆಡೆ. ಇವೆರಡನ್ನೂ ಮತ್ತೆ ಜೋಡಿಸುವ ಕೆಲಸವನ್ನು ಧ್ವನಿ ಮಾಡಬಲ್ಲುದು. ಬೇಗೂರಿನ ಕೆರೆಯ ಏರಿಯ ಮೇಲೆ ನಿಂತವನ ಕಿವಿಯಲ್ಲಿ ಆ ಶಾಸನದ ಪಾಠವನ್ನು ಓದಿಸಬಹುದು.

ಅದೇ ಮನೆತನದ ಇನ್ನೊಂದು ಹೆಸರು ತೊಂಡಬ್ಬೆ. ನಾಗತ್ತರನ ಈ ಮಗಳು ಸಲ್ಲೇಖನ ವಿಧಿಯಿಂದ ದೇಹತ್ಯಾಗ ಮಾಡಿದ್ದನ್ನು ಬೇಗೂರಿನ ನಿಸಿದಿ ಶಾಸನ ದಾಖಲಿಸಿದೆ. ಶೈವ ದೇವಾಲಯದ ಊರಿನ ಒಡೆಯನ ಮನೆಯಲ್ಲಿ ಜೈನ ವ್ರತನಿಷ್ಠೆ ಇತ್ತೆಂಬುದು ಗಂಗರ ಕಾಲದ ಧಾರ್ಮಿಕ ಬದುಕನ್ನು ಅರಿತವರಿಗೆ ಆಶ್ಚರ್ಯವೆನಿಸದು. ವೀರಗಲ್ಲು ಮತ್ತು ನಿಸಿದಿ ಎರಡೂ ಸಾವನ್ನು ನೆನೆಯುವ ಕಲ್ಲುಗಳು. ಒಂದು ಹೊರಗಿನ ಹಗೆಯೊಡನೆ ಕಾದವನದು, ಇನ್ನೊಂದು ಒಳಗಿನ ಕಷಾಯಗಳೊಡನೆ ಕಾದವಳದು. ತಂದೆ ಮಗಳ ಎರಡು ಸ್ಮಾರಕಗಳನ್ನು ಒಂದೇ ನಡಿಗೆಯಲ್ಲಿ ಕೇಳಿಸದ ಮಾರ್ಗದರ್ಶಿ ಬೇಗೂರನ್ನು ಅರ್ಧಕ್ಕೆ ಬಿಟ್ಟಂತೆ.

ಅತ್ತಿಬೆಲೆಯನ್ನು ಇಂದು ಗಡಿಯೆಂದೇ ಎಲ್ಲರೂ ಬಲ್ಲರು. ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ ನಡುವೆ ಇದ್ದ ಗೆರೆಯೇ 1956ರ ಪುನರ್ವಿಂಗಡಣೆಯ ನಂತರವೂ ಎರಡು ರಾಜ್ಯಗಳ ಎಲ್ಲೆಯಾಗಿ ಮುಂದುವರಿಯಿತು. ಆದರೆ ಶಾಸನಗಳ ದಾರಿ ಅಲ್ಲಿಗೆ ನಿಲ್ಲುವುದಿಲ್ಲ. ಅತ್ತಿಬೆಲೆಯಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ಧರ್ಮಪುರಿ, ಅಂದಿನ ತಗಡೂರು, ನೊಳಂಬರ ಆಳ್ವಿಕೆಗೆ ಸೇರಿತ್ತು. ಕ್ರಿ.ಶ. 893ರ ಅಲ್ಲಿನ ಕನ್ನಡ ಶಾಸನವು ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸೋದರರು ಬಸದಿಯನ್ನು ಕಟ್ಟಿಸಿದುದನ್ನೂ ಅದಕ್ಕಾಗಿ ಸೇನಾನ್ವಯದ ಕನಕಸೇನ ಸಿದ್ಧಾಂತ ಭಟಾರರಿಗೆ ದತ್ತಿ ಸಂದುದನ್ನೂ ತಿಳಿಸುತ್ತದೆ. ಆಗ ಅರಸು ನೊಳಂಬ ಮಹೇಂದ್ರ. ಅವನ ಮಗ ಅಯ್ಯಪದೇವ. ಬೇಗೂರಿನ ವೀರಗಲ್ಲಿನ ಅಯ್ಯಪದೇವನನ್ನು ವಿದ್ವಾಂಸರು ಇದೇ ನೊಳಂಬ ಅರಸನೆಂದು ಗುರುತಿಸಿದ್ದಾರೆ. ಹಾಗಾದರೆ ಬೇಗೂರಿನ ಆಳು ಮಡಿದ ಕಾಳಗವೂ ತಗಡೂರಿನ ಬಸದಿಯೂ ಒಂದೇ ರಾಜಕೀಯ ವಲಯದ ಘಟನೆಗಳು. ಗಡಿಯ ಸುಂಕದಕಟ್ಟೆಯಲ್ಲಿ ಮುಗಿದುಹೋಗುವ ಧ್ವನಿ ನಡಿಗೆಯು ಆ ವಲಯವನ್ನು ತುಂಡರಿಸುತ್ತದೆ. ಬೆಂಗಳೂರು ಸೀಮೆಯಲ್ಲಿ ಚೋಳರ ಕಾಲದ ತಮಿಳು ಶಾಸನಗಳು ದೊರೆಯುತ್ತವೆ, ಧರ್ಮಪುರಿಯಲ್ಲಿ ಕನ್ನಡ ಶಾಸನ ದೊರೆಯುತ್ತದೆ. ಇದನ್ನು ಒಂದು ಭಾಷೆಯ ಗೆಲವೆಂದೋ ಇನ್ನೊಂದರ ಸೋಲೆಂದೋ ಹೇಳುವುದು ಚರಿತ್ರೆಯಾಗದು.

ಅತ್ತಿಬೆಲೆಯ ಹೆಸರೇ ಒಂದು ಪರೀಕ್ಷೆ. ಕನ್ನಡದಲ್ಲಿ ಅತ್ತಿಬೆಲೆ, ತಮಿಳಿನ ಬರಹದಲ್ಲಿ ಅದೇ ಊರು 'ಅತ್ತಿಪ್ಪಳ್ಳಿ'. ಅತ್ತಿಯ ಮರ ಎರಡರಲ್ಲೂ ಇದೆ. ತಮಿಳಿನಲ್ಲಿ 'ಪಳ್ಳಿ' ಎಂದರೆ ಊರು, ಶಾಲೆ, ಜೊತೆಗೆ ಜೈನ ಬೌದ್ಧ ಮುನಿಗಳ ನೆಲೆ. ಇಷ್ಟು ತಿಳಿದ ಕೂಡಲೇ ಇಲ್ಲಿ ಜೈನ ಪಳ್ಳಿಯೊಂದಿತ್ತು ಎಂದು ಘೋಷಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಪಳ್ಳಿ, ಹಳ್ಳಿ ಎಂಬ ಪದಗಳು ಸಾವಿರಾರು ಸಾಮಾನ್ಯ ಊರುಗಳ ಹೆಸರಿನಲ್ಲೂ ಇವೆ. ಹಳೆಯ ಶಾಸನರೂಪ, ಬಸದಿಯ ಅವಶೇಷ, ದತ್ತಿಯ ಉಲ್ಲೇಖ ಇವುಗಳಲ್ಲಿ ಒಂದಾದರೂ ಇಲ್ಲದೆ ಹೆಸರೊಂದರ ಬಲದಿಂದ ಜೈನ ಕೇಂದ್ರವನ್ನು ಕಟ್ಟಲಾಗದು. ಅಚ್ಚಾದ ಪುಸ್ತಕದಲ್ಲಿ ಇಂಥ ಊಹೆಯನ್ನು ಓದುಗ ನಿಲ್ಲಿಸಿ ಪ್ರಶ್ನಿಸಬಲ್ಲ. ನಡೆಯುತ್ತಿರುವವನ ಕಿವಿಗೆ ಬಿದ್ದ ಮಾತು ಹಾಗಲ್ಲ. ಅದು ಊರಿನ ದೃಶ್ಯದೊಡನೆ ಬೆರೆತು ಕಂಡದ್ದೇ ಸತ್ಯವೆಂಬಂತೆ ಉಳಿದುಬಿಡುತ್ತದೆ. ಆದ್ದರಿಂದ 'ಶಾಸನ ಹೇಳುತ್ತದೆ', 'ವಿದ್ವಾಂಸರು ಊಹಿಸುತ್ತಾರೆ', 'ಊರವರು ನಂಬುತ್ತಾರೆ' ಎಂಬ ಮೂರು ಬಗೆಯ ವಾಕ್ಯಗಳನ್ನು ಧ್ವನಿ ಪಾಠದಲ್ಲಿ ಬೇರೆ ಬೇರೆಯಾಗಿ ಕೇಳಿಸುವುದು ಅವಶ್ಯ.

ಉಚ್ಚಾರಣೆಯೂ ಸಣ್ಣ ವಿಷಯವಲ್ಲ. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ೞಕಾರವನ್ನು ತಿಳಿಯದ ಕಂಠವು ವೀರಗಲ್ಲನ್ನು ಓದಿದರೆ ಕತ್ತಿಯೂ ಬದುಕೂ ಒಂದೇ ಆದಾವು. ಗಮಕಿಗಳೂ ಶಾಸನತಜ್ಞರೂ ಜೊತೆಗೂಡಿ ಮಾಡಬೇಕಾದ ಕೆಲಸವಿದು.

ಈ ಕೆಲಸಕ್ಕೆ ಕಾಲಮಿತಿಯೂ ಇದೆ. ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಹೊಲದ ಬದುವಿನಲ್ಲೂ ಕೆರೆಯ ತೂಬಿನ ಬಳಿಯೂ ಇದ್ದ ಹಲವು ಕಲ್ಲುಗಳು ಇಂದು ಇಲ್ಲ. ಮರೆತವು ಮರಳಿ ದೊರೆಯುವುದೂ ಉಂಟು, ಕ್ರಿ.ಶ. ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ನೆಲ ಅಗೆಯುವಾಗ ಬೆಳಕಿಗೆ ಬಂದಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವು ಇರುವ ಜಾಗವನ್ನು ಗುರುತಿಸಿ, ಪಾಠವನ್ನು ಮರುಪರಿಶೀಲಿಸುತ್ತಿದೆ. ಧ್ವನಿ ನಡಿಗೆಗೆ ಇದಕ್ಕಿಂತ ಗಟ್ಟಿಯಾದ ತಳಹದಿ ಬೇಕಿಲ್ಲ.

ಆದರೂ ಸ್ಕ್ಯಾನಾಗಲಿ ಧ್ವನಿಯಾಗಲಿ ಕಲ್ಲಿಗೆ ಬದಲಿಯಲ್ಲ. ಊರವರಿಗೆ ಹೆಸರು ಗೊತ್ತಿರುವ ಕಲ್ಲನ್ನು ಅಡಿಪಾಯಕ್ಕೆ ಹಾಕುವ ಮುನ್ನ ಯಾರಾದರೊಬ್ಬರು ತಡೆಯುತ್ತಾರೆ. ಹೆಸರಿಲ್ಲದ ಕಲ್ಲಿಗೆ ಆ ಭಾಗ್ಯವಿಲ್ಲ. ತೊಂಡಬ್ಬೆಯ ಹೆಸರನ್ನು ಬೇಗೂರಿನ ಶಾಲೆಯ ಮಕ್ಕಳೂ, ನಿಧಿಯಣ್ಣನ ಬಸದಿಯ ಸುದ್ದಿಯನ್ನು ಅತ್ತಿಬೆಲೆಯಿಂದ ದಿನವೂ ಗಡಿ ದಾಟುವ ಕಾರ್ಮಿಕರೂ ತಮ್ಮ ತಮ್ಮ ಭಾಷೆಯಲ್ಲಿ ಕೇಳುವಂತಾದರೆ ಉಳಿದಿರುವ ಕಲ್ಲುಗಳಿಗೆ ಕಾವಲುಗಾರರು ದೊರೆತಂತಾಗುತ್ತದೆ. ಯಂತ್ರ ಸಿದ್ಧವಾಗಿದೆ, ಕೇಳುವ ಶ್ರಾವಕರೂ ಇದ್ದಾರೆ. ಈಗ ಬೇಕಾಗಿರುವವರು ಪಾಠವನ್ನು ಶುದ್ಧವಾಗಿ ಅರಿತು ಹೇಳುವ ಗಣಧರರು.