ಜಹೀರಾಬಾದಿನ ರಸ್ತೆ, ಪ್ಯಾರಿಸ್ಸಿನ ಮತ: 1948ರ ಸೆಪ್ಟೆಂಬರ್ 16ರ ಮರುಪರಿಶೀಲನೆ

ಹೈದರಾಬಾದ್ ಪ್ರಕರಣದ ಬರವಣಿಗೆಯಲ್ಲಿ ಒಂದು ಮತ ಎಣಿಕೆಗೆ ಸಲ್ಲದ ಮಹತ್ವ ಸಂದಿದೆ. 1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಭಾರತದ ವಿರುದ್ಧ ಹೈದರಾಬಾದಿನ ನಿಜಾಮ ಸರ್ಕಾರ ಕೊಟ್ಟ ದೂರನ್ನು ಎಂಟು ಮತಗಳಿಂದ ಕಾರ್ಯಸೂಚಿಗೆ ಸೇರಿಸಿಕೊಂಡಿತು. ವಿರುದ್ಧವಾಗಿ ಒಂದೂ ಮತ ಬೀಳಲಿಲ್ಲ. ಚೀನಾ, ಸೋವಿಯತ್ ಒಕ್ಕೂಟ ಮತ್ತು ಉಕ್ರೇನ್ ತಟಸ್ಥವಾಗಿದ್ದವು. ಬ್ರಿಟನ್ ಮತ್ತು ಅಮೆರಿಕ ಎರಡೂ ಪರವಾಗಿ ಕೈಯೆತ್ತಿದ್ದವು. ಈ ಎರಡು ಕೈಗಳನ್ನು ನೋಡಿಯೇ ನಮ್ಮ ವಿದ್ವಾಂಸರಲ್ಲಿ ಹಲವರು ಮೋಸಹೋಗಿದ್ದಾರೆ.

ಮೊದಲ ಓದು ಕ್ಲೈಡ್ ಈಗಲ್ಟನ್ ಅವರದು. ಅಂತರರಾಷ್ಟ್ರೀಯ ಕಾನೂನಿನ ಅಮೆರಿಕನ್ ಪತ್ರಿಕೆಯಲ್ಲಿ 1950ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಅವರು, ಕೈಗೆತ್ತಿಕೊಂಡ ಅಹವಾಲನ್ನು ಮಂಡಳಿ ನಡುದಾರಿಯಲ್ಲೇ ಬಿಟ್ಟಿತೆಂದು ಆಕ್ಷೇಪಿಸಿದರು. ಅದೇ ಪತ್ರಿಕೆಯಲ್ಲಿ ಅದಕ್ಕೆ ಹಿಂದಿನ ವರ್ಷ ತಾರಕನಾಥ ದಾಸ್ ಅವರು ಬ್ರಿಟಿಷರ ಕಾಲದಲ್ಲಿ ಹೈದರಾಬಾದ್ ಸಾರ್ವಭೌಮ ರಾಜ್ಯವೇ ಆಗಿರಲಿಲ್ಲವೆಂದು ವಾದಿಸಿದ್ದರು. ಈ ಎರಡರ ನಡುವೆ ಮೂರನೆಯದೊಂದು ಹುಟ್ಟಿ ಈಗ ಎಲ್ಲೆಡೆ ಚಲಾವಣೆಯಲ್ಲಿದೆ: ಬರ್ಲಿನ್ ದಿಗ್ಬಂಧನದ ದಿನಗಳಲ್ಲಿ ಅಮೆರಿಕದ ಬೆನ್ನಿಗೆ ಬಿದ್ದ ಬ್ರಿಟನ್ ತನ್ನ ಹಳೆಯ ಮಿತ್ರ ನಿಜಾಮರ ಕೈಬಿಟ್ಟಿತು ಎಂಬುದು. ದಾಸ್ ಅವರ ನಿಲುವಿಗೆ ನಾನು ಹತ್ತಿರ. ಆದರೆ ಅವರೂ ಮತದಾನದ ಗಂಟನ್ನು ಬಿಡಿಸಲಿಲ್ಲ. ಮೂರನೆಯದಕ್ಕಂತೂ ಆಧಾರಕ್ಕಿಂತ ಆವೇಶ ಹೆಚ್ಚು.

ಗಂಟು ಇರುವುದು ಅಧ್ಯಕ್ಷರ ಮಾತಿನಲ್ಲಿ. ಆ ತಿಂಗಳು ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಬ್ರಿಟನ್ನಿನ ಪ್ರತಿನಿಧಿ ಸರ್ ಅಲೆಕ್ಸಾಂಡರ್ ಕ್ಯಾಡೋಗನ್. ವಿಷಯ ಕಾರ್ಯಸೂಚಿಗೆ ಸೇರಿದ ಮಾತ್ರಕ್ಕೆ ಮಂಡಳಿಯ ಅಧಿಕಾರ ವ್ಯಾಪ್ತಿಯಾಗಲಿ ದೂರಿನ ಸತ್ವವಾಗಲಿ ತೀರ್ಮಾನವಾದಂತಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಇದನ್ನು ಸಭಾ ನಡವಳಿಕೆಯ ಔಪಚಾರಿಕತೆ ಎಂದು ದಾಟಿಹೋಗುವವರು ವಿಶ್ವಸಂಸ್ಥೆಯ ಸನ್ನದಿನ 35ನೆಯ ವಿಧಿಯ ಎರಡನೆಯ ಉಪವಿಧಿಯನ್ನು ಪಕ್ಕದಲ್ಲಿಟ್ಟು ಓದಲಿ. ಸದಸ್ಯನಲ್ಲದ ದೂರುದಾರ ಮಂಡಳಿಯ ಮುಂದೆ ಬರಬೇಕಾದರೆ ಅದು ‘ರಾಜ್ಯ’ವಾಗಿರಬೇಕು. ಅಧಿಕಾರ ವ್ಯಾಪ್ತಿಯನ್ನು ಬಾಕಿ ಉಳಿಸಿದರೆ ಹೈದರಾಬಾದ್ ರಾಜ್ಯವೇ ಅಲ್ಲವೇ ಎಂಬ ಪ್ರಶ್ನೆಯೂ ಬಾಕಿ ಉಳಿಯುತ್ತದೆ. ಹೈದರಾಬಾದಿನ ಪರ ಮೊಯಿನ್ ನವಾಜ್ ಜಂಗ್, ಭಾರತದ ಪರ ರಾಮಸ್ವಾಮಿ ಮೊದಲಿಯಾರ್ ಮೇಜಿನ ಮುಂದೆ ಕೂತರು. ಒಬ್ಬರಿಗೆ ಹೌದೆಂದೂ ಇನ್ನೊಬ್ಬರಿಗೆ ಅಲ್ಲವೆಂದೂ ಹೇಳುವ ಹೊಣೆಯಿಂದ ಅಧ್ಯಕ್ಷರು ಪಾರಾದರು. ಪರವಾಗಿ ಬಿದ್ದ ಎಂಟು ಮತಗಳಿಗೆ ಇದಕ್ಕಿಂತ ಹೆಚ್ಚಿನ ಅರ್ಥ ಕೊಡಲು ದಾಖಲೆ ಅವಕಾಶ ಕೊಡುವುದಿಲ್ಲ.

ಬ್ರಿಟನ್ ಹೀಗೆ ನಡೆದುಕೊಂಡಿದ್ದು ಅಮೆರಿಕದ ಒತ್ತಾಸೆಯಿಂದಲೇ? ಇದಕ್ಕೆ ಉತ್ತರ ಪ್ಯಾರಿಸ್ಸಿಗಿಂತ ಹದಿನಾಲ್ಕು ತಿಂಗಳು ಹಿಂದಿನ ನಡಾವಳಿಯಲ್ಲಿದೆ. 1947ರ ಜುಲೈ 16ರಂದು ಲಾರ್ಡ್ಸ್ ಸಭೆಯಲ್ಲಿ ಭಾರತ ವ್ಯವಹಾರಗಳ ಸಚಿವ ಲಿಸ್ಟೊವೆಲ್, ಯಾವ ಸಂಸ್ಥಾನವನ್ನೂ ಪ್ರತ್ಯೇಕ ಅಂತರರಾಷ್ಟ್ರೀಯ ಘಟಕವಾಗಿ ಮಾನ್ಯ ಮಾಡುವ ಉದ್ದೇಶ ತಮ್ಮ ಸರ್ಕಾರಕ್ಕಿಲ್ಲವೆಂದು ಹೇಳಿದ್ದರು. ಭಾರತ ಸ್ವಾತಂತ್ರ್ಯ ಕಾಯಿದೆಯ 7ನೆಯ ಕಲಮು ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರವನ್ನು ರದ್ದುಗೊಳಿಸಿತು ಎಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಮಸೂದೆಯ ಚರ್ಚೆಯಲ್ಲೇ ಬಂದ ಈ ಮಾತನ್ನು ಉದ್ಧರಿಸುವವರು ಅಪರೂಪ. ನಂಟು ಕಡಿಯಿತು, ಮಾನ್ಯತೆ ಹುಟ್ಟಲಿಲ್ಲ. ಮಾರ್ಷಲ್ ಯೋಜನೆ ಜಾರಿಗೆ ಬಂದದ್ದು 1948ರ ಏಪ್ರಿಲ್‌ನಲ್ಲಿ, ಬರ್ಲಿನ್ ದಿಗ್ಬಂಧನ ಶುರುವಾದದ್ದು ಅದೇ ವರ್ಷದ ಜೂನ್‌ನಲ್ಲಿ, ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1949ರಲ್ಲಿ. ಇವುಗಳಲ್ಲಿ ಯಾವುದೂ 1947ರ ಜುಲೈನ ನಿಲುವಿಗೆ ಕಾರಣವಾಗಲು ಕಾಲವೇ ಒಪ್ಪುವುದಿಲ್ಲ. ನಿಜಾಮರ ಮಧ್ಯಸ್ಥಿಕೆ ಕೋರಿಕೆಯನ್ನು ಟ್ರೂಮನ್ ನಿರಾಕರಿಸಿದ್ದು ನಿಜ. ಅದರಿಂದ ಬ್ರಿಟನ್ನಿನ ಹಾದಿ ಸುಗಮವಾಯಿತು ಎಂದಷ್ಟೇ ಹೇಳಬಹುದು. ಹೈದರಾಬಾದಿನ ಬಗ್ಗೆ ಕಾಮನ್ಸ್ ಸಭೆಯಲ್ಲಿ ಗುಡುಗಿದ ಚರ್ಚಿಲ್ ಆಗ ವಿರೋಧ ಪಕ್ಷದ ನಾಯಕ. ಅವರ ದನಿಯನ್ನು ‘ಬ್ರಿಟನ್ನಿನ ಅಭಿಪ್ರಾಯ’ ಎಂದು ಬರೆಯುವುದು, ಸದನದಲ್ಲಿ ಯಾರ ಸರ್ಕಾರ ಕೂತಿತ್ತೆಂಬುದನ್ನೇ ಮರೆತಂತೆ.

ಹಳೆಯ ಮಿತ್ರ ಎಂಬ ಕರುಣಾರಸಕ್ಕೂ ತಡೆ ಹಾಕಬೇಕು. 1800ರ ಸಹಾಯಕ ಸೈನ್ಯ ಒಪ್ಪಂದವೇ ನಿಜಾಮರಿಂದ ಪರರಾಷ್ಟ್ರಗಳೊಡನೆ ಸ್ವತಂತ್ರವಾಗಿ ವ್ಯವಹರಿಸುವ ಹಕ್ಕನ್ನು ಕಿತ್ತುಕೊಂಡಿತ್ತು. ಬೇರಾರ್ ಪ್ರಾಂತವನ್ನು ಮರಳಿ ಕೇಳಿ ಸಮಾನ ನೆಲೆಯ ಮಾತಾಡಿದ ನಿಜಾಮ ಉಸ್ಮಾನ್ ಅಲಿ ಖಾನರಿಗೆ ವೈಸರಾಯ್ ರೀಡಿಂಗ್ 1926ರ ಮಾರ್ಚ್ 27ರಂದು ಬರೆದ ಉತ್ತರದಲ್ಲಿ, ಬ್ರಿಟಿಷ್ ಪ್ರಭುತ್ವ ಒಪ್ಪಂದಗಳಿಗಿಂತ ಮೇಲಿನದು, ಯಾವ ಸಂಸ್ಥಾನಿಕನೂ ಸರಿಸಾಟಿಯಾಗಿ ವಾದಿಸುವಂತಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. (ಪರಮಾಧಿಕಾರ ಮುಗಿದ ಮೇಲೆ ಈ ಪತ್ರದ ತೂಕವೂ ಮುಗಿಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದಕ್ಕೆ ನಿಜಾಮರೇ ಸಹಿ ಹಾಕಿ, ವಿದೇಶ ವ್ಯವಹಾರ ಮತ್ತು ರಕ್ಷಣೆ ಒಂದು ವರ್ಷ ಹಿಂದಿನಂತೆಯೇ ನಡೆಯಲೆಂದು ಒಪ್ಪಿದ್ದರು. ಪ್ಯಾರಿಸ್ಸಿನ ಸಭೆ ಆ ವರ್ಷ ಮುಗಿಯುವ ಮೊದಲೇ ನಡೆದಿತ್ತು.)

ಈಗ ಅದೇ ಸೆಪ್ಟೆಂಬರ್ 16ರ ಇನ್ನೊಂದು ಜಾಗಕ್ಕೆ ಬರೋಣ. ಸೊಲ್ಲಾಪುರದ ಕಡೆಯಿಂದ ನಳದುರ್ಗ, ಉಮರ್ಗಾ, ರಾಜೇಶ್ವರ ದಾಟಿ ಬಂದ ಭಾರತೀಯ ಪಡೆ ಆ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ರಾಮ್ ಸಿಂಗ್ ನೇತೃತ್ವದಲ್ಲಿ ಜಹೀರಾಬಾದಿನತ್ತ ಹೊರಟಿತು. ನೆಲಬಾಂಬು ಹುಗಿದಿದ್ದ ಜಾಗವನ್ನು ತೆರವು ಮಾಡುತ್ತ ಸಾಗಬೇಕಾದ್ದರಿಂದ ವೇಗ ತಗ್ಗಿತು. ಬೀದರ ರಸ್ತೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಕೂಡುವಲ್ಲಿ ಹೊಂಚುಹಾಕಿದ್ದವರು ಗುಂಡು ಹಾರಿಸಿದರು. ಆದರೂ ರಾತ್ರಿಯಾಗುವಷ್ಟರಲ್ಲಿ ಪಡೆ ಜಹೀರಾಬಾದನ್ನು ದಾಟಿ ಸುಮಾರು 15 ಕಿಲೋಮೀಟರ್ ಮುಂದೆ ಹೋಗಿತ್ತು. ಮರುದಿನ ನಸುಕಿನಲ್ಲಿ ಬೀದರ ಕೈವಶವಾಯಿತು. ಸಂಜೆ ನಿಜಾಮರು ಕದನ ನಿಲ್ಲಿಸಿದರು. 18ರಂದು ಹೈದರಾಬಾದ್ ಸೇನೆಯ ಜನರಲ್ ಎಲ್ ಎದ್ರೂಸ್ ಭಾರತದ ಮೇಜರ್ ಜನರಲ್ ಚೌಧುರಿಯವರ ಮುಂದೆ ಶರಣಾದರು.

ಸೈನಿಕ ಇತಿಹಾಸದವರು ಆ ಕೂಡುರಸ್ತೆಯ ಗುಂಡಿನ ಚಕಮಕಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ರಸ್ತೆ ಹೋಗುವ ಊರನ್ನು ಅವರು ನೋಡಬೇಕಿತ್ತು. ವಿಮಾನ ಚಾಲಕ ಸಿಡ್ನಿ ಕಾಟನ್ ನಿಜಾಮರಿಗಾಗಿ ಕರಾಚಿಯಿಂದ ಕದ್ದುಮುಚ್ಚಿ ತಂದ ಶಸ್ತ್ರಾಸ್ತ್ರಗಳು ಇಳಿದ ನೆಲೆಗಳಲ್ಲಿ ಬೀದರದ ವಿಮಾನ ನಿಲ್ದಾಣವೂ ಒಂದು. ಆ ಹೊಂಚಿಗೂ ವಿಮಾನ ನಿಲ್ದಾಣಕ್ಕೂ ಸಂಬಂಧವಿತ್ತೆಂಬುದು ನನ್ನ ಊಹೆ. ಭೂಗೋಳ ಅದಕ್ಕೆ ಪೂರಕವಾಗಿದೆ, ಅಷ್ಟೇ. ಊಹೆ ಬಿದ್ದುಹೋದರೂ ಕಾಲಕ್ರಮ ಬೀಳುವುದಿಲ್ಲ: ಪ್ಯಾರಿಸ್ಸಿನಲ್ಲಿ ಅಧಿಕಾರ ವ್ಯಾಪ್ತಿಯನ್ನು ಬಾಕಿ ಇಟ್ಟ ದಿನವೇ ತೀರ್ಮಾನ ಬೀದರ ಜಿಲ್ಲೆಯ ರಸ್ತೆಯ ಮೇಲೆ ಆಗುತ್ತಿತ್ತು.

ಜಹೀರಾಬಾದ್, ನಾರಾಯಣಖೇಡ ಆಗ ಬೀದರ ಜಿಲ್ಲೆಯವು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. 1956ರ ರಾಜ್ಯ ಪುನರ್ವಿಂಗಡಣೆಯ ಗಡಿರೇಖೆ ಅವನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಅದರೊಂದಿಗೆ ಕನ್ನಡ ಇತಿಹಾಸಕಾರರ ಗಮನವೂ ಗಡಿಯಲ್ಲೇ ನಿಂತುಬಿಟ್ಟಿತು. ‘ಪೊಲೀಸ್ ಕಾರ್ಯಾಚರಣೆ’ ಎನಿಸಿಕೊಂಡ ಈ ಸೇನಾ ಕ್ರಮದ ಬೆನ್ನಲ್ಲೇ ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಾಗಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ ಮತ್ತು ನಾಂದೇಡನ್ನು ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಕೊನೆಯಪಕ್ಷ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ಹಾವಳಿಯ ಕಥನವನ್ನು ಇದು ಅಳಿಸುವುದಿಲ್ಲ, ಅಳಿಸಬಾರದು. ಎರಡನ್ನೂ ಒಟ್ಟಿಗೆ ಓದಲಾರದವರಿಗೆ ಈ ಜಿಲ್ಲೆಗಳ ಇತಿಹಾಸ ಬರೆಯುವ ಅರ್ಹತೆ ಇಲ್ಲವೆಂದು ನನ್ನ ಖಚಿತ ಅಭಿಪ್ರಾಯ.

1949ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜಫ್ರುಲ್ಲಾ ಖಾನ್ ಹೈದರಾಬಾದ್ ಪ್ರಶ್ನೆಯನ್ನು ಮತ್ತೆ ಮಂಡಳಿಯಲ್ಲಿ ಎತ್ತಿದಾಗಲೂ ಯಾವ ನಿರ್ಣಯವೂ ಹೊರಬೀಳಲಿಲ್ಲ. ಈಗಲ್ಟನ್ ಪಂಥದವರು ಇದನ್ನು ಮಂಡಳಿಯ ಸೋಲೆನ್ನುತ್ತಾರೆ. 1947ರ ಜುಲೈ 16ರ ಮಾತನ್ನೂ ಕ್ಯಾಡೋಗನ್ ಅವರ ಷರತ್ತನ್ನೂ ಜೋಡಿಸಿ ಓದಿದರೆ, ಬ್ರಿಟನ್ನಿನ ಮಟ್ಟಿಗೆ ಇದು ಸೋಲಲ್ಲ. ಮಾನ್ಯತೆ ಕೊಡದೆ, ನಿರಾಕರಿಸಿದೆವೆಂದು ಬರೆಸಿಕೊಳ್ಳದೆ ಜಾರಿಕೊಳ್ಳುವುದು ಅದರ ನೀತಿಯಾಗಿತ್ತು. ಆ ನೀತಿ ಲಂಡನ್ನಿನದೇ ಸರಕು. ಅದನ್ನು ವಾಷಿಂಗ್ಟನ್ನಿನ ಲೆಕ್ಕಕ್ಕೆ ಬರೆಯುವ ಪರಿಪಾಠ ಇನ್ನಾದರೂ ನಿಲ್ಲಬೇಕು.