ಹಿಂದಿಯಾಡಿದ ಆಗುಂಬೆ

'ಸಂಕೇತ್' ಎಂಬ ತಮ್ಮದೇ ಸಂಸ್ಥೆಯಿಂದ 1980ರಲ್ಲಿ 'ಮಿಂಚಿನ ಓಟ' ತೆಗೆದ ಶಂಕರ್ ನಾಗ್, ದೂರದರ್ಶನ ಊರೂರಿಗೆ ಹಬ್ಬುತ್ತಿದ್ದಂತೆ ಬಳಗದೊಂದಿಗೆ ಕಿರುತೆರೆಗೂ ಬಂದರು. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರಿಗಾಗಿ ಆರ್.ಕೆ. ನಾರಾಯಣರ ಕತೆಗಳನ್ನು ಆಗುಂಬೆಯಲ್ಲಿ ಚಿತ್ರಿಸಿದರು. 1987ರಲ್ಲಿ 'ಮಾಲ್ಗುಡಿ ಡೇಸ್' ದೇಶದ ಮನೆಮಾತಾಯಿತು. ಸಿನಿಮಾಕ್ಕೆ ಸಾಲದ ಪುಟ್ಟ ಬದುಕುಗಳಿಗೆ ಧಾರಾವಾಹಿಯ ಕಂತು ಸರಿಯಾದ ಅಳತೆಯಾಗಿತ್ತು.

ಊರು ನಮ್ಮದು, ಅನಂತನಾಗ್, ಗಿರೀಶ ಕಾರ್ನಾಡ, ಮಾಸ್ಟರ್ ಮಂಜುನಾಥ್ ನಮ್ಮವರು. ಮಾತು ಮಾತ್ರ ಹಿಂದಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಕಡೆ ಉರ್ದು ಬಲ್ಲ ಮನೆಗಳಿಗೆ ಅದು ತೊಡಕಲ್ಲ. ಕನ್ನಡ, ತೆಲುಗು ಮಾತ್ರ ಬಲ್ಲವರಿಗೆ ಪಕ್ಕದವರು ಅರ್ಥ ಹೇಳಬೇಕು, ಇಲ್ಲವೆ ಮುಖ ನೋಡಿಯೇ ತಿಳಿದುಕೊಳ್ಳಬೇಕು.

ದೇಶವನ್ನು ಮುಟ್ಟಲು ಹಿಂದಿ ಬೇಕಿತ್ತು, ಒಪ್ಪೋಣ. ಆದರೆ ಅದನ್ನು ಕನ್ನಡಕ್ಕೆ ತರುವ ಬಾಗಿಲೂ ಮುಚ್ಚಿತ್ತು. ಡಬ್ಬಿಂಗ್ ಬೇಡವೆಂದು ನಮ್ಮ ಚಿತ್ರರಂಗ 1960ರ ದಶಕದಿಂದಲೇ ಪಟ್ಟು ಹಿಡಿದಿತ್ತು. ಆ ತಡೆ ಸಲ್ಲದೆಂದು ಭಾರತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಮಾಲ್ಗುಡಿ ಕನ್ನಡವಾಡಿದ್ದು 2020ರಲ್ಲಿ, ಜೀ ಕನ್ನಡ ವಾಹಿನಿಯಲ್ಲಿ. ಅದನ್ನು ಕೇಳಲು ಶಂಕರ್ ನಾಗ್ ಇರಲಿಲ್ಲ; 1990ರಲ್ಲೇ ತೀರಿಕೊಂಡಿದ್ದರು.

ಪರಭಾಷೆಯ ಸರಕಿನಿಂದ ಕನ್ನಡವನ್ನು ಕಾಯಲೆಂದು ಹಾಕಿದ ಬೇಲಿ, ಕನ್ನಡಿಗರದೇ ಕೆಲಸವನ್ನು 33 ವರ್ಷ ಹೊರಗೆ ನಿಲ್ಲಿಸಿತು.