ಮದರಾಸು ಬಿಟ್ಟ ಮಕ್ಕಳು

ನಮ್ಮ ಮನೆಯಲ್ಲಿ ‘ಬಾಂಬಿನ ವರ್ಷ’ ಎಂದರೆ 1942. ಆಗ ಅಜ್ಜಿಗೆ ಒಂಬತ್ತು, ಅವಳ ತಮ್ಮನಿಗೆ ಐದು. ಮದರಾಸಿನಿಂದ ಇಬ್ಬರನ್ನೂ ಚಿಕ್ಕಬಾಣಾವರದ ಸೋದರತ್ತೆಯ ಮನೆಗೆ ಕಳಿಸಿದ್ದರು. ಎರಡು ವರ್ಷದ ಮೇಲೆ ಹಿಂದಿರುಗಿದ್ದು ಅಜ್ಜಿ ಒಬ್ಬಳೇ. ತಮ್ಮ ಯಾಕೆ ಉಳಿದ ಎಂದು ಕೇಳಿದರೆ, “ನಾನೇ ಬಿಟ್ಟು ಬಂದೆ” ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ನಾನು ಹುಡುಕತೊಡಗಿದೆ. ಆ ವರ್ಷ ಮಾರ್ಚ್‌ನಲ್ಲಿ ರಂಗೂನ್ ಜಪಾನಿಯರ ವಶವಾಯಿತು. ಏಪ್ರಿಲ್ 5ರಂದು ಕೊಲಂಬೊ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿದ್ದವು. ಮುಂದಿನ ಸರದಿ ಮದರಾಸಿನದೇ ಎಂದು ಹೆದರಿದ ಸರ್ಕಾರ, ಅಗತ್ಯವಿಲ್ಲದವರು ಊರು ಬಿಡಿ ಎಂದಿತು. ತನ್ನ ಕಚೇರಿಗಳನ್ನೂ ಒಳನಾಡಿಗೆ ಸಾಗಿಸಿತು. ತಪ್ಪಿಸಿಕೊಂಡಾವೆಂದು ಮೃಗಾಲಯದ ಹುಲಿ, ಸಿಂಹಗಳನ್ನು ಕೊಲ್ಲಿಸಲಾಯಿತು. ಹುಲಿಗೆ ಗುಂಡು ಹೊಡೆದರೆಂಬ ಅಜ್ಜಿಯ ಮಾತನ್ನು ನಾವು ಕಟ್ಟುಕತೆ ಎಂದುಕೊಂಡಿದ್ದೆವು!

‘ಬೆಂಗಳೂರಿನಲ್ಲಿ ನಮ್ಮ ರೈಲು ಸಣ್ಣದಾಯ್ತು’ ಎಂದೂ ಅನ್ನುತ್ತಿದ್ದಳು. ಅದೂ ನಿಜ. ಮದರಾಸಿನಿಂದ ಬರುವುದು ಬ್ರಾಡ್‌ಗೇಜ್, ತುಮಕೂರಿನ ಕಡೆಗೆ ಹೋಗುತ್ತಿದ್ದುದು ಮೀಟರ್‌ಗೇಜ್. ಈಗ ಹಾಸನದ ಹಳಿ ಕವಲೊಡೆಯುವ ಚಿಕ್ಕಬಾಣಾವರಕ್ಕೆ ಆ ಮಕ್ಕಳು ಬಂದದ್ದು ಆ ಸಣ್ಣ ಗಾಡಿಯಲ್ಲಿ.

1939ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಮಕ್ಕಳು ಹೆಸರಿನ ಚೀಟಿ ಕಟ್ಟಿಕೊಂಡು, ಮೇಷ್ಟರ ಜೊತೆ ಅಪರಿಚಿತರ ಮನೆಗೆ ಹೋದರು. ಸರ್ಕಾರವೇ ನಡೆಸಿದ ಸ್ಥಳಾಂತರವಾದ್ದರಿಂದ ದಾಖಲೆಯೂ ಹುಟ್ಟಿತು. ಅಜ್ಜಿಯಂಥವರು ಹೋದದ್ದು ನೆಂಟರ ಮನೆಗೆ. ನೆಂಟರ ಮನೆಗೆ ಹೋದ ಮಗುವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ಹುಡುಕಬೇಕಾದದ್ದು ಟ್ರಂಕುಗಳಲ್ಲಿ.

ಅಜ್ಜಿಯ ತಮ್ಮನ ಮಗ, ನನಗೆ ಮಾವ, ಹಳೆಯ ಟ್ರಂಕು ತೆಗೆದು ಒಂದು ಕಾರ್ಡು ಕೊಟ್ಟರು. ಮುತ್ತಜ್ಜ ತನ್ನ ಅಕ್ಕನಿಗೆ ಬರೆದದ್ದು. ಪಟ್ಟಣದಲ್ಲಿ ಅಕ್ಕಿಗೆ ಪರದಾಟ, ಮಗ ನಿನ್ನ ಬಳಿಯೇ ಇರಲಿ, ಮಗಳನ್ನಷ್ಟೇ ಕರೆದೊಯ್ಯುತ್ತೇನೆ, ಅವಳಿಗೆ ಈಗಲೇ ತಿಳಿಸಬೇಡ ಎಂದಿತ್ತು. ಸೋದರತ್ತೆಗೆ ಮಕ್ಕಳಿರಲಿಲ್ಲ.

“ನಮ್ಮಪ್ಪ ಕೊನೆವರೆಗೂ, ಹೊರಡೋ ದಿನ ಅಕ್ಕ ನನ್ನ ಎಬ್ಬಿಸಲೇ ಇಲ್ಲ ಅಂತಿದ್ರು,” ಎಂದರು ಮಾವ. “ಬೆಳಗಿನ ಗಾಡಿ. ಎಬ್ಬಿಸಬೇಡ ಅಂತ ದೊಡ್ಡವರೇ ಹೇಳಿದ್ದಿರಬೇಕು.”

ಮದರಾಸಿನ ಮೇಲೆ ಕೊನೆಗೆ ಬಂದದ್ದು ಒಂಟಿ ವಿಮಾನ, 1943ರ ಅಕ್ಟೋಬರ್‌ನಲ್ಲಿ. ಆದರೆ ಹನ್ನೊಂದು ವರ್ಷದ ಹುಡುಗಿ ದೊಡ್ಡವರ ತೀರ್ಮಾನವನ್ನು ತನ್ನ ತಪ್ಪೆಂದುಕೊಂಡು ಬಾಳಿಡೀ ಹೊತ್ತಳು. ಆ ಕಾರ್ಡು ಅವಳಿರುವಾಗ ಸಿಗಬೇಕಿತ್ತು. ನಿಮ್ಮ ಮನೆಯ ಹಿರಿಯರನ್ನು ಈಗಲೇ ಕೇಳಿ.